ತಾತನ ಬದುಕನ್ನು ಬರೆದಿಡುವುದು ಹೇಗೆ: ಒಂದು ಟ್ರಂಕು, ಮೂರು ಶಿಫ್ಟು, ಒಂದು ಉಣ್ಣೆ ಚೆಂಡು

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ತಾತ ತೀರಿಕೊಂಡ ಮೂರನೇ ವಾರ ಭದ್ರಾವತಿ ಮನೆಯ ಅಟ್ಟ ಖಾಲಿ ಮಾಡುವಾಗ, ಅವರ ಬಾಲ್ ಬ್ಯಾಡ್ಮಿಂಟನ್ ರಾಕೆಟ್ಟನ್ನು ಗುಜರಿಗೆ ಹಾಕಿದವಳು ನಾನೇ. ಗಟ್ ಎಲ್ಲ ಕಿತ್ತುಹೋಗಿತ್ತು, ಮರ ಸೊಟ್ಟಗಾಗಿತ್ತು. ಹಳೇ ಪಾತ್ರೆ, ಮುರಿದ ಕುರ್ಚಿ ಜೊತೆ ಅದೂ ಹೋಯಿತು. ಎರಡು ತಿಂಗಳ ನಂತರ, ವರ್ಷಾಬ್ದಿಕಕ್ಕೆ ತಾತನ ಬಗ್ಗೆ ಒಂದು ಪುಟ್ಟ ಪುಸ್ತಕ ಮಾಡೋಣ ಅಂತ ಮನೆಯವರೆಲ್ಲ ಕೂತು ಮಾತಾಡಿದಾಗ ಸಣ್ಣ ಮಾವ ಕೇಳಿದ ಮೊದಲ ಪ್ರಶ್ನೆ, "ರಾಕೆಟ್ ಎಲ್ಲಿ?"

ಹಾಗಾಗಿ ಮೊದಲ ಸಲಹೆ ಇದು: ಒಂದು ವರ್ಷ ಏನನ್ನೂ ಎಸೆಯಬೇಡಿ. ಜಾಗ ಇಲ್ಲದಿದ್ದರೆ ಎಸೆಯುವ ಮೊದಲು ಫೋಟೋನಾದರೂ ತೆಗೆದಿಟ್ಟುಕೊಳ್ಳಿ.

ನಾನು ಬರಹಗಾರ್ತಿ ಅಲ್ಲ. ಬೆಂಗಳೂರಲ್ಲಿ ಲೆಕ್ಕಪತ್ರದ ಕೆಲಸ. ಆದರೆ ಹತ್ತು ತಿಂಗಳು ಈ ಪುಸ್ತಕದ ಹಿಂದೆ ಬಿದ್ದು ಕೆಲವು ವಿಷಯ ಕಲಿತೆ. ನಿಮ್ಮ ಮನೆಯಲ್ಲೂ ಹೀಗೊಬ್ಬ ತಾತ ಇದ್ದರೆ ಉಪಯೋಗ ಆಗಬಹುದು. ಅವರು ಇನ್ನೂ ಇದ್ದರೆ ಇವತ್ತೇ ಶುರು ಮಾಡಿ.

ಟ್ರಂಕಿನಿಂದ ಶುರು ಮಾಡಿ

ಹುಟ್ಟಿದ್ದು, ಓದಿದ್ದು, ಮದುವೆ ಅಂತ ಸಾಲಾಗಿ ಬರೆಯಲು ಕೂತರೆ ಎರಡು ಪುಟಕ್ಕೆ ಪೆನ್ನು ನಿಂತುಬಿಡುತ್ತದೆ. ನನಗೂ ಹಾಗೇ ಆಯಿತು. ಆಮೇಲೆ ತಾತನ ಕಬ್ಬಿಣದ ಟ್ರಂಕು ತೆಗೆದು ಒಂದೊಂದೇ ವಸ್ತು ಹೊರಗಿಟ್ಟು, ಅದರ ಬಗ್ಗೆ ನಾಲ್ಕು ಸಾಲು ಬರೆಯುತ್ತಾ ಹೋದೆ. ಜಾತಕ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಕಾರ್ಖಾನೆಯ ಗೇಟ್ ಪಾಸ್, ಸಂಬಳದ ಚೀಟಿಗಳು, ಲಗ್ನಪತ್ರಿಕೆ, ಪೇಪರಿನ ಒಂದು ತುಂಡು. ಇಡೀ ಪುಸ್ತಕ ಕೊನೆಗೆ ಈ ಕಾಗದಗಳ ಮೇಲೇ ನಿಂತಿತು.

ಹುಟ್ಟಿದ ದಿನಾಂಕದಲ್ಲೇ ಮೊದಲ ತೊಡಕು ಬಂತು. ಅಂಕಪಟ್ಟಿಯಲ್ಲಿ 1-6-1936 ಅಂತಿದೆ. ಆ ಕಾಲದ ಯಾವ ತಾತನ ದಾಖಲೆಯಲ್ಲೇ ಆಗಲಿ ಜೂನ್ ಒಂದು ಅಂತ ಕಂಡರೆ ಅನುಮಾನ ಪಡಿ. ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ವಯಸ್ಸು ಸರಿಹೊಂದಿಸಿ ಬರೆದುಕೊಂಡ ತಾರೀಖು ಅದು. ಜಾತಕದಲ್ಲಿ ಇರುವುದೇ ಬೇರೆ: ಈಶ್ವರ ಸಂವತ್ಸರ, ಆಶ್ವಯುಜ ಬಹುಳ ಚತುರ್ದಶಿ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಈಶ್ವರ ಬಂದಿದ್ದು 1937ರ ಯುಗಾದಿಗೆ, ಮತ್ತೆ ಬಂದಿದ್ದು 1997ಕ್ಕೆ. ಚತುರ್ದಶಿ ಅಂದರೆ ನರಕ ಚತುರ್ದಶಿ. ಅಂದರೆ ತಾತ ಹುಟ್ಟಿದ್ದು 1937ರ ನವೆಂಬರ್ ಮೊದಲ ವಾರ, ದೀಪಾವಳಿ ದಿನ. ಅಜ್ಜಿಗೆ ಇದು ಹೊಸ ವಿಷಯವೇನಲ್ಲ. "ಎಣ್ಣೆ ನೀರಿನ ದಿನ ಹುಟ್ಟಿದ್ದು ಅಂತ ಮೊದಲಿಂದ ಹೇಳ್ತಿದೀನಿ, ಯಾರು ಕೇಳ್ತೀರಿ" ಅಂದಳು.

ಮೇಷ್ಟ್ರು ಬರೆದ ತಾರೀಖಿನ ಪ್ರಕಾರ ತಾತ 1994ರ ಮೇ ಕೊನೆಗೆ, 58 ತುಂಬಿತು ಅಂತ ನಿವೃತ್ತರಾದರು. ಜಾತಕದ ಲೆಕ್ಕ ಹಿಡಿದರೆ ಇನ್ನೂ ಹದಿನೇಳು ತಿಂಗಳ ಸಂಬಳ ಬಾಕಿ ಇತ್ತು. ಸಾಯುವವರೆಗೂ ಅವರು ಇದನ್ನು ನಗುತ್ತಲೇ ಹೇಳುತ್ತಿದ್ದರು. ಆದರೆ ಹೇಳುವುದನ್ನು ಮಾತ್ರ ಬಿಡಲಿಲ್ಲ.

ತಾರೀಖಿಲ್ಲದ ಕಾಗದಕ್ಕೆ ತಾರೀಖು ಹಚ್ಚುವುದು

ಈ ಭಾಗ ನನಗೆ ತುಂಬಾ ಇಷ್ಟ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಹಳೇ ಕಾಗದದಲ್ಲಿ ವರ್ಷ ಇಲ್ಲದಿದ್ದರೂ ಕಾಲದ ಗುರುತು ಇದ್ದೇ ಇರುತ್ತದೆ. ಲೆಕ್ಕದ ಪುಸ್ತಕದಲ್ಲಿ ಆಣೆ ಕಂಡರೆ 1957ರ ಏಪ್ರಿಲ್‌ಗಿಂತ ಹಿಂದಿನದು ಇರಬಹುದು. ಆದರೆ ಗಟ್ಟಿಯಾಗಿ ಹೇಳಬೇಡಿ, ಎಷ್ಟೋ ಮನೆಗಳಲ್ಲಿ ಆಮೇಲೂ ಆಣೆ ಲೆಕ್ಕವೇ ನಡೆಯುತ್ತಿತ್ತು. "ನಯಾ ಪೈಸೆ" ಅಂತಿದ್ದರೆ 57ರ ನಂತರದ್ದು ಅನ್ನುವುದು ಖಂಡಿತ. ಅಂಚೆ ಕವರಿನ ಮೇಲೆ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. "ಮೈಸೂರು ರಾಜ್ಯ" ಅಂತ ಅಚ್ಚಾಗಿದ್ದರೆ ಬಹುಮಟ್ಟಿಗೆ 1973ರ ನವೆಂಬರ್ 1ಕ್ಕಿಂತ ಮೊದಲಿನದು. ಕಾರ್ಖಾನೆ ಕಾಗದವಾದರೆ ತಲೆಬರಹ ನೋಡಿ. ನಮ್ಮೂರ ಕಬ್ಬಿಣದ ಕಾರ್ಖಾನೆ ಮೈಸೂರಿನ ಹೆಸರಿನಲ್ಲಿ ಶುರುವಾಗಿ, ಆಮೇಲೆ ವಿಶ್ವೇಶ್ವರಯ್ಯನವರ ಹೆಸರು ಪಡೆದು, 1989ರಲ್ಲಿ ಕೇಂದ್ರ ಸರ್ಕಾರದ ಉಕ್ಕಿನ ಕಂಪನಿ ಸೈಲ್ ತೆಕ್ಕೆಗೆ ಹೋಯಿತು. ಸಂಬಳದ ಚೀಟಿಯ ತಲೆಬರಹಗಳನ್ನು ಸಾಲಾಗಿ ಜೋಡಿಸಿದರೆ ಸಾಕು, ತಾತನ ನೌಕರಿಯ ಮೂವತ್ತೇಳು ವರ್ಷ ಮುಂದೆ ಬಿಚ್ಚಿಕೊಳ್ಳುತ್ತದೆ.

ಈಗ ಆ ಪೇಪರಿನ ತುಂಡು. ಬೆರಳಷ್ಟು ಅಗಲ, ಆರು ಸಾಲು. ಬಾಲ್ ಬ್ಯಾಡ್ಮಿಂಟನ್ ಫೈನಲ್‌ನಲ್ಲಿ ತಾತನ ತಂಡ ಗೆದ್ದ ಸುದ್ದಿ. ಅಂಕ 29-24, 29-19. ದಿನಾಂಕ ಇಲ್ಲ, ಯಾವ ಪತ್ರಿಕೆ ಅಂತ ಗೊತ್ತಿಲ್ಲ. ಒಂದು ವಾರ ಅದನ್ನೇ ನೋಡುತ್ತಾ ಕೂತಿದ್ದೆ. ತಿರುಗಿಸಿ ನೋಡಬೇಕು ಅಂತ ಹೊಳೆದಿದ್ದು ಆಮೇಲೆ. ಬೆನ್ನಲ್ಲಿ ಅರ್ಧ ಟೆಂಡರ್ ಜಾಹೀರಾತು ಇತ್ತು. "ಮೈಸೂರು ಸರ್ಕಾರ" ಅಂತಿದೆ, ವಿಳಾಸದ ಕೊನೆಗೆ ಆರಂಕಿಯ ಪಿನ್‌ಕೋಡೂ ಇದೆ! ಎರಡೂ ಒಟ್ಟಿಗೆ ಇರಬೇಕಾದರೆ 1972ರ ಆಗಸ್ಟಿನಿಂದ 1973ರ ಅಕ್ಟೋಬರ್ ಒಳಗೇ ಆಗಿರಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಬಯಲಲ್ಲಿ ಆಡುವ ಮಾತೇ ಇಲ್ಲ. ಹಾಗಾಗಿ ಅದು 72ರ ದಸರಾ ಕಳೆದ ಮೇಲಿನಿಂದ 73ರ ಬೇಸಿಗೆಯೊಳಗಿನ ಪಂದ್ಯ. ಆಗ ತಾತನಿಗೆ ಮೂವತ್ತೈದು. ಮೂರು ಮಕ್ಕಳು, ಫೌಂಡ್ರಿಯಲ್ಲಿ ಎರಕದ ಕೆಲಸ, ಮೇಲೆ ಈ ಆಟ.

ಪೇಪರ್ ತುಂಡು ಸಿಕ್ಕಿದರೆ ಬೆನ್ನು ನೋಡಿ. ಫೋಟೋ ಸಿಕ್ಕಿದರೂ ಬೆನ್ನು ನೋಡಿ, ಸ್ಟುಡಿಯೋದ ಸೀಲು ಅಲ್ಲಿರುತ್ತದೆ. ಆದರೆ ಅಂಟಿನ ಹಾಳೆಯ ಆಲ್ಬಂನಿಂದ ಫೋಟೋ ಕೀಳಲು ಹೋಗಬೇಡಿ. ನಾನು ಒಂದು ಕಿತ್ತೆ, ದೊಡ್ಡಮ್ಮನ ಮುಖ ಹಾಳೆಯಲ್ಲೇ ಉಳಿಯಿತು. ಪ್ಲಾಸ್ಟಿಕ್ ಪೊರೆ ಮಾತ್ರ ಮೆಲ್ಲಗೆ ಎತ್ತಿ, ಕಿಟಕಿ ಪಕ್ಕ ಇಟ್ಟು, ಫ್ಲ್ಯಾಶ್ ಇಲ್ಲದೆ ಫೋನಲ್ಲೇ ತೆಗೆಯಿರಿ. ನೇರ ಬಿಸಿಲು ಬೇಡ.

ಕೇಳುವುದು

"ತಾತ ಹೇಗಿದ್ದರು?" ಅಂತ ಯಾರನ್ನೂ ಕೇಳಬೇಡಿ. "ದೇವರಂಥ ಮನುಷ್ಯ" ಅಂತಾರೆ, ಅಲ್ಲಿಗೆ ಮಾತು ಮುಗಿಯಿತು. ನನ್ನ ಮೊದಲ ಮೂರು ರೆಕಾರ್ಡಿಂಗ್ ಹೀಗೇ ದಂಡವಾದವು. ನಾಲ್ಕನೇ ಸಲ ದೊಡ್ಡಮ್ಮನನ್ನು ಸುಮ್ನೆ ಕೇಳಿದೆ, "ತಾತ ಕೆಲಸದಿಂದ ಬಂದ ತಕ್ಷಣ ಚಪ್ಪಲಿ ಎಲ್ಲಿ ಬಿಡ್ತಿದ್ರು?" ದೊಡ್ಡಮ್ಮ ನಲವತ್ತು ನಿಮಿಷ ಮಾತಾಡಿದರು. ಚಪ್ಪಲಿ ಅಲ್ಲವಂತೆ, ಬೂಟು. ಹಿತ್ತಲ ಬಾಗಿಲಲ್ಲಿ ಬಿಟ್ಟು, ಒಳಗಿನ ಕರಿ ಮರಳನ್ನು ಕರಿಬೇವಿನ ಗಿಡದ ಬುಡಕ್ಕೆ ಕೊಡವುತ್ತಿದ್ದರಂತೆ. ಅಜ್ಜಿ ಬೈಯುತ್ತಿದ್ದಳಂತೆ. ಗಿಡ ಮಾತ್ರ ಚೆನ್ನಾಗೇ ಬಂತಂತೆ.

ಇಂಥ ಪ್ರಶ್ನೆ ಕೇಳಿ: ಸಂಬಳದ ದಿನ ಏನು ತರ್ತಿದ್ರು? ಸಿಟ್ಟು ಬಂದರೆ ಕೂಗ್ತಿದ್ರಾ, ಮಾತು ಬಿಡ್ತಿದ್ರಾ? ಊಟಕ್ಕೆ ಕೂತಾಗ ಮೊದಲು ಏನಕ್ಕೆ ಕೈ ಹಾಕ್ತಿದ್ರು?

ಎದುರುಬದುರು ಕುರ್ಚಿ ಹಾಕಿಕೊಂಡು ಕೇಳಿದರೆ ಹಿರಿಯರು ಭಾಷಣಕ್ಕೆ ಇಳಿಯುತ್ತಾರೆ. ಕೈಗೆ ಕೆಲಸ ಇರಬೇಕು. ನನ್ನ ಒಳ್ಳೆಯ ರೆಕಾರ್ಡಿಂಗ್ ಎಲ್ಲ ಅವರೆಕಾಯಿ ಸುಲಿಯುವಾಗ ಆದವು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಮೊರದ ಪಕ್ಕ ಇಟ್ಟುಬಿಡಿ. ಫ್ಯಾನ್ ಆರಿಸಿ. ಕುಕ್ಕರ್ ಇಡಬೇಡಿ ಅಂತ ಮೊದಲೇ ಹೇಳಿ, ನನ್ನ ತಾತನ ಮದುವೆಯ ಕಥೆಯ ಮುಖ್ಯ ಜಾಗದಲ್ಲಿ ಮೂರು ವಿಷಲ್ ಇವೆ. ಮತ್ತೆ, ರೆಕಾರ್ಡ್ ಮಾಡ್ತಿದೀನಿ ಅಂತ ಹೇಳಿಯೇ ಮಾಡಿ. ಕದ್ದು ಮಾಡಬೇಡಿ.

ಟೈಪ್ ಮಾಡುವಾಗ ಅವರ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. "ಎಣ್ಣೆ ನೀರಿನ ದಿನ" ಅನ್ನುವುದು "ಅಭ್ಯಂಜನದ ದಿನ" ಆಗಿಬಿಟ್ಟರೆ ಅಲ್ಲಿ ನನ್ನ ಅಜ್ಜಿ ಇರುವುದಿಲ್ಲ.

ಕೆಲಸದ ಬಗ್ಗೆ ಬರೆಯುವುದು

ಹೆಚ್ಚಿನವರು ಎಡವುವುದು ಇಲ್ಲೇ. "ಇಂಥ ಕಾರ್ಖಾನೆಯಲ್ಲಿ ಇಷ್ಟು ವರ್ಷ ನಿಷ್ಠೆಯಿಂದ ದುಡಿದರು" ಅಂತ ಬರೆದು ಮುಗಿಸುತ್ತಾರೆ. ಆದರೆ ಕೈ ಏನು ಮಾಡುತ್ತಿತ್ತು? ತಾತ ಫೌಂಡ್ರಿಯಲ್ಲಿ ಮೋಲ್ಡರ್. 1957ರಲ್ಲಿ ಸೇರಿದವರು. ಮೋಲ್ಡರ್ ಅಂದರೆ ಏನು ಅಂತ ನನಗೆ ನಲವತ್ಮೂರು ವರ್ಷಕ್ಕೆ ಗೊತ್ತಾಯಿತು. ಅವರ ಜೊತೆ ಕೆಲಸ ಮಾಡಿದ ಒಬ್ಬರು ಹಳೇನಗರದಲ್ಲಿ ಇದ್ದಾರೆ. ಅವರನ್ನು ಕೇಳಿದರೆ ಬಾಯಲ್ಲಿ ಹೇಳಲಿಲ್ಲ. ಅಂಗಳದ ಮರಳಿಗೆ ಒಂಚೂರು ನೀರು ಚಿಮುಕಿಸಿ ಮುಷ್ಟಿಯಲ್ಲಿ ಒತ್ತಿ ತೋರಿಸಿದರು.

ಕಬ್ಬಿಣ ಎರಕ ಹೊಯ್ಯುವ ಅಚ್ಚನ್ನು ಮರಳಲ್ಲಿ ಮಾಡುತ್ತಾರೆ. ಆ ಮರಳಿನ ಹದವೇ ಎಲ್ಲ. ಮುಷ್ಟಿಯಲ್ಲಿ ಒತ್ತಿ ಬಿಟ್ಟರೆ ಬೆರಳಿನ ಗುರುತು ನಿಲ್ಲಬೇಕು. ಉಂಡೆಯನ್ನು ಎರಡು ಮಾಡಿದರೆ ಪುಡಿಯಾಗದೆ ನೀಟಾಗಿ ಮುರಿಯಬೇಕು. ನೀರು ಕಡಿಮೆ ಆದರೆ ಅಚ್ಚು ಕುಸಿಯುತ್ತದೆ. ಜಾಸ್ತಿ ಆದರೆ ಕಾದ ಲೋಹ ಬಿದ್ದಾಗ ಹಬೆ ಎದ್ದು ಎರಕದಲ್ಲಿ ಗಾಳಿ ತೂತು ಬೀಳುತ್ತದೆ. (ಇವರು ತೋರಿಸಿದ ಅಂಗಳದ ಮರಳು ಪುಡಿಪುಡಿ ಆಯಿತು. "ಇದು ಮರಳೇ ಅಲ್ಲ" ಅಂತ ಬೈದು ಕೈ ತೊಳೆದುಕೊಂಡರು. ಮೋಲ್ಡಿಂಗ್ ಮರಳಲ್ಲಿ ಜೇಡಿ ಅಂಶ ಇರಬೇಕಂತೆ.)

ಮನೆಗೆ ಬಂದು ಇದನ್ನು ಅಜ್ಜಿಗೆ ತೋರಿಸಿದೆ. ಅಜ್ಜಿ ನನ್ನ ಮುಷ್ಟಿಯನ್ನೇ ನೋಡುತ್ತಾ, "ಕಡುಬಿನ ಹಿಟ್ಟಿಗೂ ಹಂಗೇ ಮಾಡ್ತಿದ್ರು" ಅಂದಳು. ಹಿಟ್ಟಿನ ಪಾತ್ರೆಗೆ ಕೈ ಹಾಕಿ, ಒತ್ತಿ ನೋಡಿ, "ನೀರು ಜಾಸ್ತಿ" ಅನ್ನುವುದು. ಅಜ್ಜಿಗೆ ಮೈ ಉರಿಯುತ್ತಿತ್ತಂತೆ. ಸಂಜೆ ಆಟ ಮುಗಿಸಿ ಬಂದರೆ ಚೆಂಡನ್ನೂ ಹಾಗೇ ಒತ್ತಿ ನೋಡುತ್ತಿದ್ದರಂತೆ, ಇಬ್ಬನಿ ಎಷ್ಟು ಕುಡಿದಿದೆ ಅಂತ.

ನಿಮ್ಮ ತಾತನ ಕೈಗೂ ಇಂಥ ಒಂದು ಅಭ್ಯಾಸ ಇರುತ್ತದೆ. ಟೈಲರ್ ಆಗಿದ್ದರೆ ಎಲ್ಲರ ಭುಜವನ್ನು ಕಣ್ಣಲ್ಲೇ ಅಳೆಯುತ್ತಿದ್ದಿರಬಹುದು. ಡ್ರೈವರ್ ಆಗಿದ್ದರೆ ಮನೆಯ ಕುರ್ಚಿಯಲ್ಲಿ ಕೂತಾಗಲೂ ಕಾಲು ಬ್ರೇಕ್ ಹುಡುಕುತ್ತಿದ್ದಿರಬಹುದು. ಜೊತೆ ಕೆಲಸದವರನ್ನು ಕೇಳಿ, ಆಮೇಲೆ ಅದನ್ನು ಮನೆಯ ಹೆಂಗಸರಿಗೆ ಮಾಡಿ ತೋರಿಸಿ. ಈ ಕ್ರಮ ತಪ್ಪಿಸಬೇಡಿ.

ಶಿಫ್ಟಿನ ಪಟ್ಟಿ

ಪುಸ್ತಕದ ಅರ್ಧದಲ್ಲಿ ಒಂದು ಜಗಳ ಎದ್ದಿತು. ಅಮ್ಮ ಹೇಳುವ ತಾತ ಯಾವಾಗಲೂ ಮಲಗಿರುವ ಮನುಷ್ಯ. "ಶ್, ಅಪ್ಪ ಮಲಗಿದಾರೆ" ಅನ್ನುವುದೇ ಅವಳ ಬಾಲ್ಯ. ಸಣ್ಣ ಮಾವ ಹೇಳುವ ತಾತ ಮಲಗಿದ್ದೇ ಇಲ್ಲ. ಬೆಳಿಗ್ಗೆ ಮಕ್ಕಳನ್ನು ಎಬ್ಬಿಸುವವರು, ಸಂಜೆ ಸೈಕಲ್ ಬಾರಿನ ಮೇಲೆ ಕೂರಿಸಿಕೊಂಡು ಮೈದಾನಕ್ಕೆ ಕರೆದೊಯ್ಯುವವರು. ಇಬ್ಬರೂ "ನೀನು ಸುಳ್ಳು ಹೇಳ್ತೀಯ" ಅನ್ನುವ ಹಂತಕ್ಕೆ ಬಂದರು.

ನಾನು ಒಂದು ಹಾಳೆಯಲ್ಲಿ ಶಿಫ್ಟು ಬರೆದೆ. ಬೆಳಿಗ್ಗೆ 6ರಿಂದ 2, ಮಧ್ಯಾಹ್ನ 2ರಿಂದ 10, ರಾತ್ರಿ 10ರಿಂದ 6. ವಾರಕ್ಕೊಂದು ಬದಲು. ಪಕ್ಕದಲ್ಲಿ ಮಕ್ಕಳು ಹುಟ್ಟಿದ ವರ್ಷ ಬರೆದೆ. ಅಮ್ಮ 1963. ಸಣ್ಣ ಮಾವ 1974. ಸಂಬಳದ ಚೀಟಿಯಲ್ಲಿ ನೋಡಿದರೆ ರಾತ್ರಿ ಪಾಳಿಯ ಭತ್ಯೆ 1976ರ ನಂತರ ಇಲ್ಲ. ತಾತನಿಗೆ ಬಡ್ತಿ ಸಿಕ್ಕಿ ಜನರಲ್ ಶಿಫ್ಟಿಗೆ ಬಂದಿದ್ದು ಆವಾಗ. ಅಮ್ಮ ಬೆಳೆದದ್ದು ಪಾಳಿಯ ಅಪ್ಪನ ಜೊತೆ. ಮಾವ ಬೆಳೆದದ್ದು ಸಂಜೆ ಐದಕ್ಕೆ ಮನೆಗೆ ಬರುವ ಅಪ್ಪನ ಜೊತೆ. ಹಾಳೆ ನೋಡಿ ಅಮ್ಮ ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಹಂಗಾದ್ರೆ ಆ ಫೈನಲ್ ಗೆದ್ದಾಗ ರಾತ್ರಿ ಪಾಳಿ ಮಾಡಿ ಬಂದು ಆಡಿದ್ರೇನೋ" ಅಂದಳು. ಇರಬಹುದು.

ಮನೆಯಲ್ಲಿ ಎರಡು ನೆನಪು ಹೊಂದದೆ ಹೋದರೆ ಯಾರ ಮಾತು ನಿಜ ಅಂತ ತೀರ್ಪು ಕೊಡಲು ಹೋಗಬೇಡಿ. ಮೊದಲು ದಿನಚರಿ ಬರೆದು ನೋಡಿ. ಆಗಲೂ ಹೊಂದದಿದ್ದರೆ ಎರಡನ್ನೂ ಬರೆಯಿರಿ, ಯಾರು ಹೇಳಿದ್ದು ಅಂತ ಹೆಸರು ಹಾಕಿ.

ಆಟ

ಆಟದ ಬಗ್ಗೆ ಬರೆಯುವಾಗ ಓದುವವರಿಗೆ ಆಟ ಗೊತ್ತು ಅಂದುಕೊಳ್ಳಬೇಡಿ. ನನ್ನ ಮಗಳು ಬಾಲ್ ಬ್ಯಾಡ್ಮಿಂಟನ್ ಅಂದರೆ ಷಟಲ್ ಅಂದುಕೊಂಡಿದ್ದಳು. ಇದು ತಂಜಾವೂರು ಕಡೆ ಹುಟ್ಟಿದ ಆಟ. ಬಯಲಲ್ಲಿ, ಒಂದು ಕಡೆ ಐದು ಜನ, ಹಳದಿ ಉಣ್ಣೆಯ ಚೆಂಡು. ತಾತನ ಕಾಲದಲ್ಲಿ 29 ಅಂಕಕ್ಕೆ ಒಂದು ಗೇಮ್, ಈಗ 35. ಇಷ್ಟು ಹೇಳಿದರೆ ಸಾಕು, ಇಡೀ ನಿಯಮ ಬರೆಯಬೇಡಿ. ನಾನು ಬರೆದಿದ್ದೆ, ಮಾವ ಮೂರು ಪುಟ ಹೊಡೆದುಹಾಕಿದರು.

ಕಪ್ಪು, ಶೀಲ್ಡು ಎಷ್ಟು ಅನ್ನುವ ಪಟ್ಟಿ ಕೊನೆಗೆ ಒಂದು ಪುಟದಲ್ಲಿ ಇರಲಿ. ಅದಕ್ಕಿಂತ ಮುಖ್ಯ, ಆಟ ನಿಂತಿದ್ದು ಯಾವಾಗ, ನಿಂತ ಮೇಲೆ ಏನು ಮಾಡಿದರು ಅನ್ನುವುದು. ತಾತನಿಗೆ ನಲವತ್ತೆರಡಕ್ಕೆ ಮಂಡಿ ಹೋಯಿತು. ಆಮೇಲೆ ಅಂಪೈರ್ ಆದರು. ಅದೂ ಆಗದಾದಾಗ ಸಂಜೆ ಹೋಗಿ ಹುಡುಗರಿಗೆ ನೆಟ್ ಕಟ್ಟಿಕೊಡುತ್ತಿದ್ದರು. ಕೊನೆಗೆ ಮೈದಾನದ ಕಟ್ಟೆ ಮೇಲೆ ಸುಮ್ನೆ ಕೂತಿರುತ್ತಿದ್ದರು. ಈ ಇಳಿತವನ್ನು ಬರೆಯಲು ಮನೆಯವರಿಗೆ ಮನಸ್ಸಿರಲಿಲ್ಲ. ನನಗೆ ಇದೇ ಬೇಕಿತ್ತು. ಆಡಿದ್ದಕ್ಕಿಂತ ಹೆಚ್ಚು ವರ್ಷ ಅವರು ಆಟದ ಪಕ್ಕದಲ್ಲಿ ಇದ್ದರು.

ರಾಕೆಟ್ ಹೋಯಿತಲ್ಲ, ಅದರ ಬದಲು ಸಿಕ್ಕಿದ್ದು ಹೇಳುತ್ತೇನೆ. ತಾತನ ಸಾಮಾನು ಹುಡುಕುವಾಗ ಅಜ್ಜಿಯ ಡಬ್ಬಿಗಳನ್ನೂ ನೋಡಿ. ಅಜ್ಜಿಯ ಹೊಲಿಗೆ ಡಬ್ಬಿಯಲ್ಲಿ ಒಂದು ಉಣ್ಣೆ ಚೆಂಡಿತ್ತು. ಹಳದಿ ಹೋಗಿ ಬೂದಿ ಬಣ್ಣ ಬಂದಿತ್ತು. ಮೈ ತುಂಬಾ ಸೂಜಿ ಚುಚ್ಚಿತ್ತು. "ಸೂಜಿ ಚುಚ್ಚಿಡೋಕೆ ಅಂತ ನಾನೇ ತೆಗೆದಿಟ್ಟಿದ್ದು. ಅವರಿಗೆ ಗೊತ್ತಿಲ್ಲ" ಅಂದಳು. ಪುಸ್ತಕದ ಮುಖಪುಟದಲ್ಲಿ ತಾತನ ಫೋಟೋ ಬೇಡ, ಇದೇ ಇರಲಿ ಅಂತ ಎಲ್ಲರೂ ಒಪ್ಪಿದರು.

ಹೇಳಲಾಗದ ವಿಷಯ

ಪ್ರತಿ ಮನೆಯಲ್ಲೂ ಇರುತ್ತದೆ. ನಮ್ಮ ತಾತ ಮತ್ತು ಅವರ ಅಣ್ಣ ಜಮೀನಿನ ಪಾಲಿನ ವಿಚಾರಕ್ಕೆ ಹನ್ನೊಂದು ವರ್ಷ ಮಾತು ಬಿಟ್ಟಿದ್ದರು. ಬರೆಯುವುದೋ ಬೇಡವೋ? ನಾನು ದೊಡ್ಡ ತಾತನ ಮಕ್ಕಳಿಗೆ ಫೋನ್ ಮಾಡಿ ಕೇಳಿದೆ. ಯಾರದು ತಪ್ಪು ಅಂತ ಬರೆಯಬಾರದು, ಮತ್ತೆ ಮಾತಾಡಿದ ದಿನವನ್ನು ಬರೆಯಬೇಕು ಅಂದರು. ಹಾಗೇ ಮಾಡಿದೆ. ಅಜ್ಜಿ ಮಾತ್ರ ಇನ್ನೂ ಒಪ್ಪಿಲ್ಲ, ಯಾರದು ತಪ್ಪು ಅಂತ ಅವಳಿಗೆ ಚೆನ್ನಾಗಿ ಗೊತ್ತು. ಬದುಕಿರುವವರಿಗೆ ನೋವಾಗುವ ಸಾಲು ಇದ್ದರೆ ಅಚ್ಚಿಗೆ ಕೊಡುವ ಮೊದಲು ಅವರಿಗೇ ಓದಿ ಹೇಳಿ. ವಾಟ್ಸಾಪ್‌ನಲ್ಲಿ ಕಳಿಸಬೇಡಿ, ಓದಿ ಹೇಳಿ.

ಅಚ್ಚು

ಬೇಗ ಮುಗಿಸುತ್ತೇನೆ. ಫೋನಲ್ಲಿ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದನ್ನು ಡಿಟಿಪಿ ಅಂಗಡಿಯವರು ನುಡಿಗೋ ಬೇರೆ ಫಾಂಟಿಗೋ ಬದಲಿಸಿದರೆ ಒತ್ತಕ್ಷರಗಳು ಕೆಡಬಹುದು. ನಮ್ಮದರಲ್ಲಿ "ಅಜ್ಜಿ" ಇದ್ದಲ್ಲೆಲ್ಲ "ಅಜಿ" ಆಗಿತ್ತು. ಪಿಡಿಎಫ್ ಮಾಡಿಯೇ ಕೊಡಿ, ಒಂದು ಪ್ರತಿ ತೆಗೆಸಿ ಪೂರ್ತಿ ಓದಿ, ಆಮೇಲೆ ಉಳಿದದ್ದು. ಹಿರಿಯರು ಓದಬೇಕಾದ್ದರಿಂದ ಅಕ್ಷರ 14ಕ್ಕಿಂತ ಸಣ್ಣದು ಬೇಡ. ನಾವು 56 ಪುಟ, 40 ಪ್ರತಿ ಮಾಡಿಸಿದೆವು. ಕೊನೆಗೆ ನಾಲ್ಕು ಖಾಲಿ ಪುಟ ಬಿಟ್ಟೆವು. ರೆಕಾರ್ಡಿಂಗ್‌ಗಳನ್ನು ಎರಡು ಪೆನ್‌ಡ್ರೈವಿಗೆ ಹಾಕಿ ಬೇರೆ ಬೇರೆ ಊರಿನ ಮನೆಗಳಲ್ಲಿ ಇಟ್ಟಿದ್ದೇವೆ.

ಟೀಮ್ ಫೋಟೋ ಹಾಕುವುದಾದರೆ ಕೆಳಗೆ ನಿಂತವರು, ಕುಳಿತವರು ಅಂತ ಎಡದಿಂದ ಬಲಕ್ಕೆ ಹೆಸರು ಕೊಡಿ. ಕೊಡುವ ಮೊದಲು ಆ ಫೋಟೋದಲ್ಲಿರುವ ಒಬ್ಬರಿಗಾದರೂ ತೋರಿಸಿ. ನಾನು ತೋರಿಸಿರಲಿಲ್ಲ. ವರ್ಷಾಬ್ದಿಕ ಮುಗಿದು ನಾಲ್ಕನೇ ದಿನ ತುಮಕೂರಿನಿಂದ ಒಂದು ಫೋನ್ ಬಂತು. ಎಂಬತ್ತು ದಾಟಿದ ದನಿ. "ಏನಮ್ಮಾ, ಇಪ್ಪತ್ಮೂರನೇ ಪುಟದಲ್ಲಿ ಕೂತವರಲ್ಲಿ ಮೂರನೆಯವನು ತೀರಿಕೊಂಡ ಅಂತ ಬರೆದಿದೀಯಲ್ಲ. ಆ ಹೆಸರಿನವನು ನಿಂತಿದಾನೆ, ಹಿಂದೆ. ಕೂತಿರೋನು ನಾನು." ಆಮೇಲೆ ಜೋರಾಗಿ ನಕ್ಕು, ತಾತ ನೆಟ್ ಹತ್ತಿರ ಚೆಂಡು ಬಿಟ್ಟ ಒಂದು ಪಾಯಿಂಟಿನ ಬಗ್ಗೆ ಅರ್ಧ ಗಂಟೆ ದೂರು ಹೇಳಿದರು. ರೆಕಾರ್ಡ್ ಮಾಡಿಕೊಳ್ಳಲಾ ಅಂತ ಕೇಳಿ, ಅವರು ಹೂಂ ಅಂದ ಮೇಲೆ ಮಾಡಿಕೊಂಡೆ.

ಪೆನ್ನಲ್ಲಿ ಮೂವತ್ತೊಂದು ಪ್ರತಿ ತಿದ್ದಿಯಾಗಿದೆ. ಇನ್ನು ಒಂಬತ್ತು ಬೇರೆ ಊರುಗಳಲ್ಲಿವೆ.